ರೋಜರ್ ಅಂದರೆ ಹೂಂ ಅಲ್ಲ: ಪೈಲಟ್ ಆಗುವವರಿಗೆ ರೇಡಿಯೊ ಮಾತಿನ ಸಮಗ್ರ ಮಾರ್ಗದರ್ಶಿ

ಫ್ಲೈಯಿಂಗ್ ಸ್ಕೂಲ್ ಸೇರಿದ ಹೊಸತರಲ್ಲಿ ಹೆಚ್ಚಿನವರಿಗೆ ವಿಮಾನಕ್ಕಿಂತ ರೇಡಿಯೊ ಕಂಡರೇ ಭಯ ಜಾಸ್ತಿ. ನನ್ನ ಇಂಗ್ಲಿಷ್ ಸರಿ ಇಲ್ಲ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ತಡವರಿಸಿದರೆ ನಗುತ್ತಾರೆ ಅನ್ನುವ ಅಳುಕು. ಆ ಅಳುಕು ಕೆಲವು ತಿಂಗಳಲ್ಲಿ ತಾನಾಗೇ ಹೋಗುತ್ತದೆ. ನಿಜವಾದ ಅಪಾಯ ಶುರುವಾಗುವುದು ಅದು ಹೋದ ಮೇಲೆ. ರೂಢಿಯಾದ ಕಿವಿ ಇವತ್ತು ಏನು ಹೇಳಿದರು ಅನ್ನುವುದನ್ನು ಬಿಟ್ಟು, ದಿನಾ ಏನು ಹೇಳುತ್ತಾರೋ ಅದನ್ನೇ ಕೇಳಿಸಿಕೊಂಡುಬಿಡುತ್ತದೆ. ಕೆಳಗೆ ಬರುವ ಅಪಘಾತಗಳಲ್ಲಿ ಮಾತಾಡಿದವರು ಬಹುಪಾಲು ಅನುಭವಸ್ಥರೇ. ಅವರ ಮನಸ್ಸು ಒಂದು ಉತ್ತರಕ್ಕಾಗಿ ಕಾಯುತ್ತಿತ್ತು, ಕಿವಿ ಅದೇ ಉತ್ತರವನ್ನು ತಂದುಕೊಟ್ಟಿತು.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಚೆಂದದ ಇಂಗ್ಲಿಷ್ ಬಗ್ಗೆ ಏನೂ ಇಲ್ಲ. ಪೈಲಟ್ ಮತ್ತು ನೆಲದಿಂದ ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್ ನಡುವೆ ಮಾತು ಎಲ್ಲೆಲ್ಲಿ ಜಾರುತ್ತದೆ, ಜಾರದಂತೆ ಏನು ಮಾಡಬೇಕು ಅನ್ನುವುದಷ್ಟೇ ಇದೆ. ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ಓದುತ್ತಿರುವವರಿಗೆ, ಆರ್‌ಟಿಆರ್ ಪರೀಕ್ಷೆಗೆ ಕೂರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಈ ಆರ್‌ಟಿಆರ್ ಅನ್ನುವುದು ರೇಡಿಯೊದಲ್ಲಿ ಮಾತಾಡುವುದಕ್ಕೆ ಬೇಕಾದ ಲೈಸೆನ್ಸ್. ಹಿಂದೆ ಇದು ದೂರಸಂಪರ್ಕ ಇಲಾಖೆಯ ಕೈಯಲ್ಲಿತ್ತು. 2024ರ ಭಾರತೀಯ ವಾಯುಯಾನ ಅಧಿನಿಯಮ ಬಂದ ಮೇಲೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ, ಅಂದರೆ ಡಿಜಿಸಿಎಗೆ, ಬಂತು. ಇದರ ಜತೆಗೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಹೇಳಿರುವ ಇಂಗ್ಲಿಷ್ ಮಟ್ಟವೂ ಬೇಕು. ಆರು ಮಟ್ಟಗಳಿವೆ, ಕನಿಷ್ಠ ನಾಲ್ಕನೆಯದು ಇರಲೇಬೇಕು.

ಮೊದಲು ಈ ರೇಡಿಯೊ ಎಂಥದ್ದು ಅಂತ ತಿಳಿಯಿರಿ

ವಿಮಾನದ ಮಾತು ನಡೆಯುವುದು ವಿಎಚ್‌ಎಫ್‌ನಲ್ಲಿ, 118ರಿಂದ 137 ಮೆಗಾಹರ್ಟ್ಸ್ ನಡುವೆ. ಇಂದಿಗೂ ಎಎಂ ತರಂಗವೇ. ಫೋನ್ ಥರ ಇಬ್ಬರೂ ಒಟ್ಟಿಗೆ ಮಾತಾಡುವುದಕ್ಕೆ ಆಗುವುದಿಲ್ಲ. ಒಬ್ಬರು ಬಟನ್ ಒತ್ತಿದರೆ ಉಳಿದವರು ಕೇಳಬೇಕು, ಅಷ್ಟೇ.

ಇಬ್ಬರು ಒಂದೇ ಹೊತ್ತಿಗೆ ಒತ್ತಿದರೆ? ಉಳಿದವರಿಗೆ ಕೀಚಲು ಸದ್ದು ಕೇಳಿಸುತ್ತದೆ, ಮಾತು ಹರಿದುಹೋಗುತ್ತದೆ. ಒತ್ತಿದ ಇಬ್ಬರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ತಾವು ಹೇಳಿದ್ದು ತಲುಪಿತು ಅಂತಲೇ ಇಬ್ಬರೂ ತಿಳಿದುಕೊಂಡಿರುತ್ತಾರೆ. ಇದನ್ನು ಈಗಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮುಂದೆ ಟೆನೆರಿಫ್ ಅಪಘಾತದ ಕಥೆಗೆ ಬಂದಾಗ ಬೇಕಾಗುತ್ತದೆ.

ಹಂತ 1: ಬಟನ್ ಒತ್ತುವ ಮುನ್ನ

ಹೊಸ ಫ್ರೀಕ್ವೆನ್ಸಿಗೆ ಬಂದ ಕೂಡಲೇ ಮಾತು ಶುರು ಮಾಡಬೇಡಿ. ಒಂದೆರಡು ಕ್ಷಣ ಸುಮ್ನೆ ಕೇಳಿ. ಟವರ್ ಯಾರಿಗಾದರೂ ಏನಾದರೂ ಹೇಳಿದ್ದರೆ, ಆ ಪೈಲಟ್ ವಾಪಸ್ ಹೇಳುವವರೆಗೂ ಆ ಜಾಗ ಅವನದ್ದು. ನಡುವೆ ನುಗ್ಗಿದರೆ ಅವನ ಉತ್ತರವನ್ನು ನೀವು ಅಳಿಸಿದ ಹಾಗೆ.

ಎಟಿಸ್, ಅಂದರೆ ನಿಲ್ದಾಣದ ಮಾಹಿತಿಯನ್ನು ರೇಡಿಯೊದಲ್ಲಿ ಮತ್ತೆ ಮತ್ತೆ ಹೇಳುವ ರೆಕಾರ್ಡಿಂಗ್, ಇರುವ ಕಡೆ ಅದನ್ನು ಮೊದಲೇ ಕೇಳಿ ಬರೆದುಕೊಳ್ಳಿ. ಯಾವ ರನ್‌ವೇ, ಗಾಳಿ ಎಷ್ಟು, ಕ್ಯೂಎನ್‌ಎಚ್ (ಎತ್ತರದ ಮೀಟರ್‌ಗೆ ಹಾಕುವ ಗಾಳಿಯ ಒತ್ತಡ) ಎಷ್ಟು, ಯಾವ ಅಕ್ಷರದ ಮಾಹಿತಿ (ಪ್ರತಿ ಹೊಸ ರೆಕಾರ್ಡಿಂಗ್‌ಗೂ ಒಂದು ಅಕ್ಷರ ಇರುತ್ತದೆ). ಬರೆದುಕೊಂಡರೆ ಕಂಟ್ರೋಲರ್ ಏನು ಹೇಳಬಹುದು ಅನ್ನುವ ಅಂದಾಜು ಸಿಗುತ್ತದೆ. ಅಂದಾಜು ಒಳ್ಳೆಯದೇ, ಆದರೆ ಅದೇ ಮೋಸವನ್ನೂ ಮಾಡುತ್ತದೆ. ಬರೆದುಕೊಂಡದ್ದಕ್ಕೂ ಕೇಳಿದ್ದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಅಲ್ಲೇ ನಿಲ್ಲಿ, ಕೇಳಿ.

ಮೈಕ್ ತುಟಿಗೆ ಹತ್ತಿರ ಇರಲಿ. ಬಟನ್ ಒತ್ತಿ, ಅರ್ಧ ಕ್ಷಣ ಬಿಟ್ಟು ಮಾತಾಡಿ. ಮಾತು ಮುಗಿದ ಮೇಲೆ ಬಿಡಿ. ಒತ್ತುವುದರೊಳಗೇ ಮಾತು ಶುರು ಮಾಡುವವರ ಕಾಲ್‌ಸೈನಿನ, ಅಂದರೆ ವಿಮಾನವನ್ನು ರೇಡಿಯೊದಲ್ಲಿ ಕರೆಯುವ ಹೆಸರಿನ, ಮೊದಲ ಭಾಗ ಯಾವಾಗಲೂ ತುಂಡಾಗಿರುತ್ತದೆ. ಐಕಾವೊ ಹೇಳುವ ವೇಗ ನಿಮಿಷಕ್ಕೆ 100 ಪದ ಮೀರಬಾರದು ಅಂತ. ಇದು ನಾವು ಮಾಮೂಲಾಗಿ ಮಾತಾಡುವುದಕ್ಕಿಂತ ಸಾಕಷ್ಟು ನಿಧಾನ. ಹೊಸಬರು ಚುರುಕಾಗಿ ಕೇಳಿಸಲಿ ಅಂತ ಪಟಪಟನೆ ಹೇಳುತ್ತಾರೆ. ಕಂಟ್ರೋಲರ್ "ಸೇ ಅಗೇನ್" ಅಂದಾಗ ಎರಡು ಪಟ್ಟು ಹೊತ್ತು ಹೋಗುತ್ತದೆ.

ಹಂತ 2: ಯಾರಿಗೆ, ಯಾರು, ಎಲ್ಲಿ, ಏನು

ಮೊದಲ ಕರೆಗೆ ಈ ಕ್ರಮ ಸಾಕು. ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಏನು ಬೇಕು. ಉದಾಹರಣೆಗೆ, ಮೈಸೂರಿಗೆ ಬರುತ್ತಿರುವ ಒಂದು ಸಣ್ಣ ತರಬೇತಿ ವಿಮಾನ ಅಂದುಕೊಳ್ಳಿ. ಅದರ ಕಾಲ್‌ಸೈನ್ ವಿಟಿಎಬಿಸಿ. ರೇಡಿಯೊದಲ್ಲಿ ಪ್ರತಿ ಅಕ್ಷರಕ್ಕೂ ಒಂದು ಪದ, ವಿ ಅಂದರೆ ವಿಕ್ಟರ್, ಟಿ ಅಂದರೆ ಟ್ಯಾಂಗೊ, ಹೀಗೆ:

"ಮೈಸೂರು ಟವರ್, ವಿಕ್ಟರ್ ಟ್ಯಾಂಗೊ ಆಲ್ಫಾ ಬ್ರಾವೊ ಚಾರ್ಲಿ."

"ವಿಕ್ಟರ್ ಟ್ಯಾಂಗೊ ಆಲ್ಫಾ ಬ್ರಾವೊ ಚಾರ್ಲಿ, ಮೈಸೂರು ಟವರ್, ಪಾಸ್ ಯುವರ್ ಮೆಸೇಜ್."

"ವಿಕ್ಟರ್ ಟ್ಯಾಂಗೊ ಆಲ್ಫಾ ಬ್ರಾವೊ ಚಾರ್ಲಿ, ಸೆಸ್ನಾ ಒನ್ ಸೆವೆನ್ ಟು, ಒನ್ ಝೀರೊ ಮೈಲ್ಸ್ ಈಸ್ಟ್, ತ್ರೀ ತೌಸಂಡ್ ಫೈವ್ ಹಂಡ್ರೆಡ್ ಫೀಟ್, ಇನ್‌ಬೌಂಡ್ ಫಾರ್ ಲ್ಯಾಂಡಿಂಗ್."

ಇಷ್ಟೇ. "ಗುಡ್ ಮಾರ್ನಿಂಗ್ ಸರ್, ಪ್ಲೀಸ್, ವಿ ವುಡ್ ಲೈಕ್ ಟು" ಅನ್ನುವ ಮರ್ಯಾದೆಯ ಮಾತಿಗೆ ಸಣ್ಣ ಏರ್‌ಫೀಲ್ಡಿನಲ್ಲಿ ಜಾಗ ಇರಬಹುದು. ಬೆಂಗಳೂರು ಅಪ್ರೋಚಿನಲ್ಲಿ (ಇಳಿಯಲು ಬರುವ ವಿಮಾನಗಳನ್ನು ನೋಡಿಕೊಳ್ಳುವ ಕಂಟ್ರೋಲ್) ಸಂಜೆ ಹೊತ್ತು ಅದಕ್ಕೆ ಪುರುಸೊತ್ತಿಲ್ಲ. ಕಾಲ್‌ಸೈನನ್ನು ನೀವಾಗಿ ಮೊಟಕು ಮಾಡಬೇಡಿ. ಕಂಟ್ರೋಲರ್ ಮೊಟಕು ಮಾಡಿ ಕರೆದ ಮೇಲೆ ನೀವೂ ಮಾಡಬಹುದು.

ಹಂತ 3: ಅಂಕಿ ಹೇಳುವುದು

ಹೆಚ್ಚು ಜಾರುವ ಜಾಗ ಇದು. ಐಕಾವೊ ಉಚ್ಚಾರಣೆಯಲ್ಲಿ ಮೂರು ಅಂದರೆ "ಟ್ರೀ", ನಾಲ್ಕು "ಫೋವರ್", ಐದು "ಫೈಫ್", ಒಂಬತ್ತು "ನೈನರ್", ಸಾವಿರ "ಟೌಸಂಡ್". ಫೈವ್ ಮತ್ತು ನೈನ್ ಗದ್ದಲದಲ್ಲಿ ಒಂದೇ ಥರ ಕೇಳಿಸುತ್ತವೆ ಅಂತಲೇ ಈ ಏರ್ಪಾಟು. ಕ್ಲಾಸಿನಲ್ಲಿ ಹೇಳುವಾಗ ನಗು ಬರುತ್ತದೆ, ಬರಲಿ.

ಕನ್ನಡದವರು ಇನ್ನೊಂದು ವಿಷಯ ಗಮನಿಸಬೇಕು. ನಾವು ಪದದ ಕೊನೆಗೆ ಒಂದು ಉಕಾರ ಅಂಟಿಸುತ್ತೇವೆ. ಬಸ್ಸು, ಕಾರು, ಲೈಟು. ಊಟದ ಮನೆಯಲ್ಲಿ ಇದರಿಂದ ಯಾರಿಗೂ ನಷ್ಟ ಇಲ್ಲ. ರೇಡಿಯೊದಲ್ಲಿ "ಎಯ್ಟು" ಅಂದರೆ ಎಂಟು ಅಂತಲೂ ಕೇಳಿಸುತ್ತದೆ, ಎಂಟು ಎರಡು ಅಂತಲೂ ಕೇಳಿಸುತ್ತದೆ. "ರೈಟು" ಅನ್ನುವುದೂ ಹಾಗೇ. ಹಕಾರ ನುಂಗುವ ಅಭ್ಯಾಸ ಇದ್ದರೆ "ಹೋಲ್ಡ್" ಹೋಗಿ "ಓಲ್ಡ್" ಆಗುತ್ತದೆ. ನಿಮ್ಮ ಊರಿನ ಉಚ್ಚಾರಣೆ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಪದ ಎಲ್ಲಿ ಮುಗಿಯಬೇಕೋ ಅಲ್ಲೇ ಮುಗಿಸಿ, ಸಾಕು.

ಇನ್ನು, ಅಂಕಿಯನ್ನು ಬರಿದೇ ಹೇಳಬೇಡಿ. 250 ಅನ್ನುವುದು ದಿಕ್ಕೂ ಆಗಬಹುದು, ವೇಗವೂ ಆಗಬಹುದು, ಫ್ಲೈಟ್ ಲೆವೆಲ್ಲೂ (ನೂರು ಅಡಿಗಳ ಲೆಕ್ಕದಲ್ಲಿ ಹೇಳುವ ಎತ್ತರ) ಆಗಬಹುದು. "ಹೆಡಿಂಗ್ ಟು ಫೈಫ್ ಝೀರೊ", "ಫ್ಲೈಟ್ ಲೆವೆಲ್ ಟು ಫೈಫ್ ಝೀರೊ", "ಸ್ಪೀಡ್ ಟು ಫೈಫ್ ಝೀರೊ ನಾಟ್ಸ್" ಅಂತಲೇ ಹೇಳಿ.

ಇದನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ 1989ರ ಫೆಬ್ರವರಿ 19ರ ಘಟನೆ ನೋಡಿ. ಫ್ಲೈಯಿಂಗ್ ಟೈಗರ್ ಕಂಪನಿಯ ಒಂದು ಬೋಯಿಂಗ್ 747 ಸರಕು ವಿಮಾನ ಸಿಂಗಾಪುರದಿಂದ ಕೌಲಾಲಂಪುರದ ಸುಬಾಂಗ್‌ಗೆ ಇಳಿಯುತ್ತಿತ್ತು. 2,400 ಅಡಿಗೆ ಇಳಿಯಲಿ ಅಂತ ಕಂಟ್ರೋಲರ್ "ಡಿಸೆಂಡ್ ಟು ಫೋರ್ ಝೀರೊ ಝೀರೊ" ಅಂದರು. ಅಲ್ಲಿನ "ಟು" ಅಂಕಿ ಎರಡು. ಕಾಕ್‌ಪಿಟ್‌ಗೆ ಅದು "400ಕ್ಕೆ" ಅನ್ನುವಂತೆ ಕೇಳಿಸಿತು. "ಓಕೆ, ಫೋರ್ ಝೀರೊ ಝೀರೊ" ಅಂತ ಉತ್ತರ ಬಂತು. ಕಂಟ್ರೋಲರ್ ತಿದ್ದಲಿಲ್ಲ. ನೆಲ ಹತ್ತಿರ ಬಂತು ಅಂತ ಎಚ್ಚರಿಸುವ ಯಂತ್ರ ಕಿರುಚಿದರೂ ಇಳಿಯುವುದು ನಿಲ್ಲಲಿಲ್ಲ. ವಿಮಾನ ಗುಡ್ಡಕ್ಕೆ ಬಡಿದು ಒಳಗಿದ್ದ ನಾಲ್ವರೂ ಸತ್ತರು. "ಡಿಸೆಂಡ್ ಅಂಡ್ ಮೇಂಟೇನ್ ಟು ತೌಸಂಡ್ ಫೋರ್ ಹಂಡ್ರೆಡ್ ಫೀಟ್" ಅಂದಿದ್ದರೆ ಆ ಗೊಂದಲಕ್ಕೆ ಜಾಗವೇ ಇರುತ್ತಿರಲಿಲ್ಲ.

ಕ್ಯೂಎನ್‌ಎಚ್ ಬಗ್ಗೆ ಒಂದು ಮಾತು. ಗಾಳಿಯ ಒತ್ತಡದ ಈ ಅಂಕಿ ತಪ್ಪಾದರೆ ನಿಮ್ಮ ಎತ್ತರದ ಮೀಟರ್ ಸುಳ್ಳು ಹೇಳುತ್ತದೆ, ಅದೂ ಪೂರ್ತಿ ವಿಶ್ವಾಸದಿಂದ. 2022ರ ಮೇ 23ರಂದು ಪ್ಯಾರಿಸ್‌ನ ಶಾರ್ಲ್ ದ ಗಾಲ್ ನಿಲ್ದಾಣಕ್ಕೆ ಬರುತ್ತಿದ್ದ ಒಂದು ಏರ್‌ಬಸ್ 320ಕ್ಕೆ ಕಂಟ್ರೋಲರ್ 1001ರ ಬದಲು 1011 ಅಂತ ಹೇಳಿದರು. ಪೈಲಟ್ ಕೇಳಿದ್ದನ್ನು ಕೇಳಿದ ಹಾಗೇ ವಾಪಸ್ ಹೇಳಿದ. ಹೀಗೆ ಸೂಚನೆಯನ್ನು ವಾಪಸ್ ಹೇಳುವುದೇ ರೀಡ್‌ಬ್ಯಾಕ್, ಆ ಲೆಕ್ಕದಲ್ಲಿ ಏನೂ ತಪ್ಪಿಲ್ಲ. ಮಳೆ, ಮೋಡ, ರನ್‌ವೇ ಕಾಣುತ್ತಿಲ್ಲ. ವಿಮಾನ ಇರಬೇಕಾದ ಎತ್ತರಕ್ಕಿಂತ ಸುಮಾರು 280 ಅಡಿ ಕೆಳಗೆ ಬಂತು. ರನ್‌ವೇಗೆ ಇನ್ನೂ ಒಂದು ಮೈಲಿಯಷ್ಟು ದೂರ ಇರುವಾಗಲೇ ನೆಲಕ್ಕೂ ವಿಮಾನಕ್ಕೂ ಉಳಿದಿದ್ದ ಅಂತರ ಬರೀ 6 ಅಡಿ. ಗೋ ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ, ಬದುಕಿದರು. ಆದ್ದರಿಂದ ಕ್ಯೂಎನ್‌ಎಚ್ ಕಿವಿಗೆ ಬಿದ್ದ ಕೂಡಲೇ ಎಟಿಸ್‌ನಲ್ಲಿ ಬರೆದುಕೊಂಡದ್ದರ ಜತೆ ಹೋಲಿಸಿ ನೋಡಿ.

ಹಂತ 4: ಪದಗಳನ್ನು ಅವುಗಳ ಜಾಗದಲ್ಲೇ ಬಳಸಿ

"ರೋಜರ್" ಅಂದರೆ ನೀವು ಹೇಳಿದ್ದು ಪೂರ್ತಿ ಕೇಳಿಸಿತು ಅಂತ. ಒಪ್ಪಿದೆ ಅಂತ ಅಲ್ಲ, ಮಾಡುತ್ತೇನೆ ಅಂತಲೂ ಅಲ್ಲ. ಮಾಡುತ್ತೇನೆ ಅನ್ನುವುದಕ್ಕೆ "ವಿಲ್ಕೊ". ಹೌದು ಅನ್ನುವುದಕ್ಕೆ "ಅಫರ್ಮ್". ಇಲ್ಲ ಅನ್ನುವುದಕ್ಕೆ "ನೆಗೆಟಿವ್". ನನ್ನಿಂದ ಆಗಲ್ಲ ಅನ್ನುವುದಕ್ಕೆ "ಅನೇಬಲ್". ಈ ಕೊನೆಯದನ್ನು ಹೇಳುವುದಕ್ಕೆ ನಮ್ಮವರು ಹಿಂಜರಿಯುತ್ತಾರೆ. ಟವರಿನವರು ದೊಡ್ಡವರು, ಎದುರು ಮಾತಾಡಬಾರದು ಅನ್ನುವ ಭಾವನೆ. ನಿಮ್ಮ ವಿಮಾನದಿಂದ ಆಗದ್ದನ್ನು ಆಗುತ್ತದೆ ಅಂತ ಒಪ್ಪಿಕೊಳ್ಳುವುದು ವಿನಯ ಅಲ್ಲವೇ ಅಲ್ಲ.

"ಸ್ಟ್ಯಾಂಡ್‌ಬೈ" ಅಂದರೆ ಕಾಯಿರಿ. ಅನುಮತಿ ಕೊಟ್ಟದ್ದೂ ಅಲ್ಲ, ನಿರಾಕರಿಸಿದ್ದೂ ಅಲ್ಲ. "ಓಕೆ" ಅನ್ನುವುದನ್ನು ಮರೆತೇಬಿಡಿ. ಯಾಕೆ ಅಂದರೆ ಟೆನೆರಿಫ್.

1977ರ ಮಾರ್ಚ್ 27. ಗ್ರಾನ್ ಕನೇರಿಯಾ ನಿಲ್ದಾಣದಲ್ಲಿ ಬಾಂಬ್ ಸಿಡಿದದ್ದರಿಂದ ಹಲವು ವಿಮಾನಗಳನ್ನು ಪಕ್ಕದ ಟೆನೆರಿಫ್ ದ್ವೀಪದ ಲೋಸ್ ರೋಡಿಯೋಸ್‌ಗೆ ಕಳಿಸಿದ್ದರು. ನಿಲ್ದಾಣ ಸಣ್ಣದು, ವಿಮಾನಗಳು ತುಂಬಿಕೊಂಡಿದ್ದವು. ಹೊರಡುವ ಹೊತ್ತಿಗೆ ಮಂಜು ಇಳಿಯಿತು. ಕೆಎಲ್‌ಎಂನ 747 ರನ್‌ವೇಯ ತುದಿಗೆ ಹೋಗಿ ತಿರುಗಿ ನಿಂತಿತ್ತು. ಪ್ಯಾನ್ ಆಮ್‌ನ 747 ಅದೇ ರನ್‌ವೇ ಮೇಲೆ ಅದರ ಕಡೆಗೇ ಬರುತ್ತಿತ್ತು. ಟವರಿಗೆ ಎರಡೂ ಕಾಣುತ್ತಿರಲಿಲ್ಲ. ಅವಕ್ಕೆ ಒಂದನ್ನೊಂದು ಕಾಣುತ್ತಿರಲಿಲ್ಲ.

ಕೆಎಲ್‌ಎಂ ತನ್ನ ದಾರಿಯ ಕ್ಲಿಯರೆನ್ಸ್ ಕೇಳಿತು. ಟವರ್ ಕೊಟ್ಟಿತು. ಯಾವ ಎತ್ತರಕ್ಕೆ ಹೋಗಬೇಕು, ಟೇಕಾಫ್ ಆದ ಮೇಲೆ ಯಾವ ಕಡೆ ತಿರುಗಬೇಕು ಅಂತ. ಅದು ಹಾರಿದ ಮೇಲಿನ ದಾರಿಯ ಅನುಮತಿ, ಹಾರುವುದಕ್ಕೆ ಅನುಮತಿ ಅಲ್ಲ. ಆದರೆ ಆ ಮಾತಿನಲ್ಲಿ "ಟೇಕಾಫ್" ಅನ್ನುವ ಪದ ಇತ್ತು. ಹೊರಡುವ ಆತುರದಲ್ಲಿದ್ದ ಕ್ಯಾಪ್ಟನ್‌ಗೆ ಅಷ್ಟು ಸಾಕಾಯಿತು. ಕೋ ಪೈಲಟ್ ರೀಡ್‌ಬ್ಯಾಕ್ ಮಾಡುತ್ತಿರುವಾಗಲೇ ವಿಮಾನ ಓಡಲು ಶುರುವಾಯಿತು. ಆತ ರೀಡ್‌ಬ್ಯಾಕ್ ಕೊನೆಗೆ "ವಿ ಆರ್ ನೌ ಅಟ್ ಟೇಕಾಫ್" ಅಂದ. ಓಡುತ್ತಿದ್ದೇವೆ ಅನ್ನುವ ಅರ್ಥವೋ, ಓಡಲು ಸಿದ್ಧವಾಗಿ ನಿಂತಿದ್ದೇವೆ ಅನ್ನುವ ಅರ್ಥವೋ? ಕಂಟ್ರೋಲರ್ ಎರಡನೆಯದು ಅಂದುಕೊಂಡರು.

"ಓಕೆ" ಅಂದರು. ಸ್ವಲ್ಪ ಬಿಟ್ಟು, "ಸ್ಟ್ಯಾಂಡ್‌ಬೈ ಫಾರ್ ಟೇಕಾಫ್, ಐ ವಿಲ್ ಕಾಲ್ ಯು" ಅಂದರು. ಇದೇನು ಅಂತ ಗಾಬರಿಯಾದ ಪ್ಯಾನ್ ಆಮ್ ಅದೇ ಕ್ಷಣದಲ್ಲಿ ನಾವಿನ್ನೂ ರನ್‌ವೇ ಮೇಲೇ ಇದ್ದೇವೆ ಅಂತ ಹೇಳಿತು. ಎರಡು ಮಾತು ಒಟ್ಟಿಗೆ. ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿದ್ದು "ಓಕೆ" ಒಂದೇ. ಆಮೇಲೆ ಬರೀ ಕೀಚಲು. ಅದಾದ ಮೇಲೂ ಒಂದು ಅವಕಾಶ ಇತ್ತು. ರನ್‌ವೇ ಖಾಲಿ ಮಾಡಿದ ಮೇಲೆ ತಿಳಿಸಿ ಅಂತ ಟವರ್ ಪ್ಯಾನ್ ಆಮ್‌ಗೆ ಹೇಳಿದ್ದನ್ನು ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಕೇಳಿಸಿಕೊಂಡು, ಹಾಗಾದರೆ ಅವನಿನ್ನೂ ಆಚೆ ಹೋಗಿಲ್ಲವೇ ಅಂತ ಕೇಳಿದ. ಹೋಗಿದ್ದಾನೆ ಅನ್ನುವ ಧಾಟಿಯಲ್ಲಿ ಕ್ಯಾಪ್ಟನ್ ಉತ್ತರ ಕೊಟ್ಟರು. 583 ಜನ ಸತ್ತರು. ಬದುಕಿದ 61 ಜನರೂ ಪ್ಯಾನ್ ಆಮ್‌ನವರು.

ಇವತ್ತಿನ ನಿಯಮ ಬಂದದ್ದು ಈ ಅಪಘಾತದಿಂದ. "ಟೇಕಾಫ್" ಅನ್ನುವ ಪದ ಎರಡೇ ಕಡೆ ಬರಬೇಕು: ಟೇಕಾಫ್‌ಗೆ ಅನುಮತಿ ಕೊಡುವಾಗ, ಆ ಅನುಮತಿ ರದ್ದು ಮಾಡುವಾಗ. ಪೈಲಟ್ ರೀಡ್‌ಬ್ಯಾಕ್‌ನಲ್ಲೂ ಅಷ್ಟೇ. ಉಳಿದ ಕಡೆಯೆಲ್ಲ "ಡಿಪಾರ್ಚರ್" ಅನ್ನಿ. "ರೆಡಿ ಫಾರ್ ಟೇಕಾಫ್" ಅನ್ನಬೇಡಿ, "ರೆಡಿ ಫಾರ್ ಡಿಪಾರ್ಚರ್" ಅನ್ನಿ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ ಅಂತ ಕಲಿಯುವವರೇ ಜಾಸ್ತಿ. ಅದರ ಹಿಂದಿನ ಲೆಕ್ಕ ಗೊತ್ತಿದ್ದರೆ ಮರೆಯುವುದಿಲ್ಲ.

ಹಂತ 5: ರೀಡ್‌ಬ್ಯಾಕ್, ಪೂರ್ತಿಯಾಗಿ

ಕಡ್ಡಾಯವಾಗಿ ವಾಪಸ್ ಹೇಳಬೇಕಾದವು ಇವು: ದಾರಿಯ ಕ್ಲಿಯರೆನ್ಸ್, ಯಾವುದೇ ರನ್‌ವೇಗೆ ಪ್ರವೇಶಿಸುವ, ದಾಟುವ, ಅದರ ಮುಂದೆ ನಿಲ್ಲುವ, ಅದರ ಮೇಲೆ ಹಿಂದಕ್ಕೆ ಹೋಗುವ, ಇಳಿಯುವ, ಹಾರುವ ಸೂಚನೆ, ಬಳಕೆಯಲ್ಲಿರುವ ರನ್‌ವೇ, ಕ್ಯೂಎನ್‌ಎಚ್, ಟ್ರಾನ್ಸ್‌ಪಾಂಡರ್ (ವಿಮಾನವನ್ನು ರಾಡಾರ್‌ಗೆ ಗುರುತಿಸಿಕೊಡುವ ಯಂತ್ರ) ಕೋಡ್, ಎತ್ತರ, ದಿಕ್ಕು, ವೇಗ, ಟ್ರಾನ್ಸಿಷನ್ ಲೆವೆಲ್ (ಇಳಿಯುವಾಗ ಎತ್ತರದ ಮೀಟರ್‌ಗೆ ಕ್ಯೂಎನ್‌ಎಚ್ ಹಾಕುವ ಮಟ್ಟ). ಗಾಳಿಯ ಲೆಕ್ಕ ವಾಪಸ್ ಹೇಳಬೇಕಿಲ್ಲ. ಬೇಡದ್ದನ್ನೆಲ್ಲ ಹೇಳುತ್ತಾ ಹೋದರೆ ಬೇಕಾದ್ದು ಅದರಲ್ಲಿ ಮುಳುಗಿಹೋಗುತ್ತದೆ.

ಹೇಳುವಾಗ ಕಾಲ್‌ಸೈನ್ ಇರಲೇಬೇಕು. ರನ್‌ವೇಯ ಲೆಫ್ಟ್, ರೈಟ್ ಬಿಡಬಾರದು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣವನ್ನೇ ತೆಗೆದುಕೊಳ್ಳಿ. 2019ರ ಡಿಸೆಂಬರ್‌ನಿಂದ ಅಲ್ಲಿ ಎರಡು ಸಮಾನಾಂತರ ರನ್‌ವೇ ಇವೆ. ಪೂರ್ವದ ಕಡೆ ಹಾರುವಾಗ 09 ಲೆಫ್ಟ್ ಅನ್ನಿಸಿಕೊಳ್ಳುವ ಪಟ್ಟಿಯೇ ಪಶ್ಚಿಮದ ಕಡೆ ಹಾರುವಾಗ 27 ರೈಟ್. ಗಾಳಿ ತಿರುಗಿ ದಿಕ್ಕು ಬದಲಾದ ಹೊತ್ತಿನಲ್ಲಿ "ರನ್‌ವೇ ಟು ಸೆವೆನ್" ಅಂತ ಅರ್ಧ ಹೇಳಿ ಬಿಟ್ಟರೆ, ಇನ್ನರ್ಧವನ್ನು ಎದುರಿನವರ ಊಹೆಗೆ ಬಿಟ್ಟ ಹಾಗೆ.

ಇನ್ನೊಬ್ಬರ ಹಿಂದೆ ರನ್‌ವೇಗೆ ಹೋಗಿ ಅನ್ನುವಂಥ ಷರತ್ತಿನ ಕ್ಲಿಯರೆನ್ಸ್ ಇದ್ದರೆ ಇನ್ನೂ ಹುಷಾರು. ಅದರ ರೂಪ ಹೀಗಿರುತ್ತದೆ: "ಬಿಹೈಂಡ್ ಲ್ಯಾಂಡಿಂಗ್ ಏರ್‌ಬಸ್ 320, ಲೈನ್ ಅಪ್ ಅಂಡ್ ವೇಟ್ ಬಿಹೈಂಡ್." ಮೊದಲಿಗೂ "ಬಿಹೈಂಡ್", ಕೊನೆಗೂ "ಬಿಹೈಂಡ್". ಷರತ್ತು ತಪ್ಪಿಹೋಗದಿರಲಿ ಅಂತಲೇ ಎರಡು ಸಲ. ರೀಡ್‌ಬ್ಯಾಕ್‌ನಲ್ಲೂ ಎರಡು ಸಲ ಬರಬೇಕು. ಆ ಏರ್‌ಬಸ್ ನಿಮ್ಮ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಒಪ್ಪಿಕೊಳ್ಳಿ.

ನೀವು ವಾಪಸ್ ಹೇಳಿದ ಮೇಲೆ ಕಂಟ್ರೋಲರ್ ಸುಮ್ಮನಿದ್ದರೆ ಸರಿ ಇದೆ ಅಂತ ಅರ್ಥ. ತಪ್ಪಿದ್ದರೆ ಅವರು ಕೂಡಲೇ ತಿದ್ದಬೇಕು ಅಂತ ನಿಯಮ ಇದೆ. ಆದರೆ ಸುಬಾಂಗ್‌ನಲ್ಲೂ ಕಂಟ್ರೋಲರ್ ಸುಮ್ಮನೇ ಇದ್ದರು. ಅದಕ್ಕೆ, ಸ್ವಲ್ಪ ಅನುಮಾನ ಇದ್ದರೂ ಮೌನವನ್ನು ನಂಬಬೇಡಿ. "ಕನ್ಫರ್ಮ್ ಟು ತೌಸಂಡ್ ಫೋರ್ ಹಂಡ್ರೆಡ್ ಫೀಟ್?" ಅಂತ ನೇರವಾಗಿ ಕೇಳಿ. ಇಲ್ಲೂ ಒಂದು ಸೂಕ್ಷ್ಮ ಇದೆ. ನಿಮಗೆ ಬೇಕಾದ ಉತ್ತರವನ್ನು ಪ್ರಶ್ನೆಯ ಒಳಗೇ ಇಟ್ಟು ಕೇಳಿದರೆ, ಗಡಿಬಿಡಿಯಲ್ಲಿರುವ ಕಂಟ್ರೋಲರ್ "ಅಫರ್ಮ್" ಅಂದುಬಿಡಬಹುದು. ನಿಜಕ್ಕೂ ಗೊತ್ತಿಲ್ಲದಿದ್ದರೆ "ಸೇ ಅಗೇನ್ ಲೆವೆಲ್" ಅನ್ನುವುದೇ ಒಳ್ಳೆಯದು.

ಹಂತ 6: ಕಾಲ್‌ಸೈನ್ ಅದಲುಬದಲು

ಇಂಡಿಗೊದ ಕಾಲ್‌ಸೈನ್ "ಐಫ್ಲೈ". ಒಂದೇ ಫ್ರೀಕ್ವೆನ್ಸಿಯಲ್ಲಿ ನಾಲ್ಕಾರು ಐಫ್ಲೈಗಳು ಇರುವುದು ನಮ್ಮಲ್ಲಿ ದಿನನಿತ್ಯದ ಮಾತು. ಐಫ್ಲೈ 6134, ಐಫ್ಲೈ 6314 ಅಂತ ಎರಡು ಇದ್ದವು ಅಂದುಕೊಳ್ಳಿ. ಒಬ್ಬರಿಗೆ ಕೊಟ್ಟ ಇಳಿಯುವ ಸೂಚನೆಯನ್ನು ಇನ್ನೊಬ್ಬರು ತೆಗೆದುಕೊಂಡುಬಿಡಬಹುದು. ಮಾಡಬೇಕಾದ್ದು ಸರಳ. ನಿಮ್ಮ ನಂಬರಿಗೆ ಹೋಲುವ ನಂಬರ್ ಕಿವಿಗೆ ಬಿದ್ದರೆ ಬರೆದಿಟ್ಟುಕೊಳ್ಳಿ. ಜತೆಯ ಪೈಲಟ್‌ಗೆ ಹೇಳಿ. ಅನಿರೀಕ್ಷಿತ ಸೂಚನೆ ಬಂದರೆ ಪಾಲಿಸುವ ಮುಂಚೆ "ಕನ್ಫರ್ಮ್ ಫಾರ್ ಐಫ್ಲೈ 6134?" ಅಂತ ಅಂಕಿ ಬಿಡಿಸಿ ಕೇಳಿ. ಬೇರೆಯವರು ನಿಮ್ಮ ಸೂಚನೆಗೆ ಉತ್ತರ ಕೊಟ್ಟದ್ದು ಕೇಳಿಸಿದರೆ ಸುಮ್ಮನಿರಬೇಡಿ. ಅದು ನಿಮ್ಮ ಕೆಲಸವೂ ಹೌದು.

ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಮಾತಾಡಬೇಕಾದ್ದೂ ಇದಕ್ಕೇ. 2000ರ ಮೇ 25ರಂದು ಪ್ಯಾರಿಸ್‌ನಲ್ಲಿ ಕಂಟ್ರೋಲರ್ ಟೇಕಾಫ್ ಆಗುವ ವಿಮಾನಕ್ಕೆ ಫ್ರೆಂಚ್‌ನಲ್ಲಿ, ಅದರ ನಂತರ ಹೊರಡಬೇಕಿದ್ದ ಸಣ್ಣ ವಿಮಾನಕ್ಕೆ ಇಂಗ್ಲಿಷ್‌ನಲ್ಲಿ ಮಾತಾಡಿದರು. ಸಣ್ಣ ವಿಮಾನದವರಿಗೆ ಮೊದಲಿನದು ಈಗಷ್ಟೇ ಓಡಲು ಶುರು ಮಾಡಿದೆ ಅಂತ ಗೊತ್ತಾಗಲಿಲ್ಲ. ರನ್‌ವೇಗೆ ಬಂದರು. ಡಿಕ್ಕಿಯಾಗಿ ಅದರಲ್ಲಿದ್ದ ಇಬ್ಬರು ಪೈಲಟ್‌ಗಳಲ್ಲಿ ಒಬ್ಬರು ಸತ್ತರು. ಬೆಂಗಳೂರಿನ ಕಂಟ್ರೋಲರ್ ಕನ್ನಡದವರೇ ಆಗಿರಲಿ, ನೀವೂ ಕನ್ನಡದವರೇ ಆಗಿರಲಿ, ಫ್ರೀಕ್ವೆನ್ಸಿ ಮೇಲೆ ಇಂಗ್ಲಿಷೇ.

ಹಂತ 7: ಕೇಳಿದ್ದನ್ನು ಕಾಕ್‌ಪಿಟ್ ಒಳಗೆ ಒಂದಾಗಿಸಿ

ರೇಡಿಯೊ ಮಾತು ಬಟನ್ ಬಿಟ್ಟ ಕೂಡಲೇ ಮುಗಿಯುವುದಿಲ್ಲ. ಮಾತಾಡಿದವರ ತಲೆಯಲ್ಲಿರುವುದು ವಿಮಾನ ಓಡಿಸುವವರ ಕೈಗೂ ಹೋಗಬೇಕು.

1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಸೌದಿಯಾದ 747 ಮತ್ತು ಕಝಾಕ್‌ಸ್ತಾನದ ಇಲ್ಯೂಷಿನ್ 76 ಮುಖಾಮುಖಿ ಡಿಕ್ಕಿಯಾದವು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ದೆಹಲಿಯಿಂದ ಹೊರಟಿದ್ದ ಸೌದಿಯಾಗೆ 14,000 ಅಡಿ, ದೆಹಲಿಗೆ ಬರುತ್ತಿದ್ದ ಕಝಾಕ್ ವಿಮಾನಕ್ಕೆ 15,000 ಅಡಿ ಕೊಟ್ಟಿದ್ದರು. ಎದುರಿನಿಂದ ವಿಮಾನ ಬರುತ್ತಿದೆ ಅಂತಲೂ ಕಂಟ್ರೋಲರ್ ಹೇಳಿದ್ದರು. ಕಝಾಕ್ ವಿಮಾನ 15,000ದಲ್ಲಿ ನಿಲ್ಲದೆ ಕೆಳಗಿಳಿಯಿತು. ಆ ವಿಮಾನದಲ್ಲಿ ಕಂಟ್ರೋಲರ್ ಜತೆ ಮಾತಾಡುವುದಕ್ಕೇ ಒಬ್ಬ ರೇಡಿಯೊ ಆಪರೇಟರ್ ಇದ್ದ. ಅವನ ಮುಂದೆ ಎತ್ತರದ ಮೀಟರ್ ಇರಲಿಲ್ಲ. ಪೈಲಟ್‌ಗಳ ಭುಜದ ಮೇಲಿಂದ ಇಣುಕಿ ನೋಡಬೇಕಿತ್ತು. 15,000 ಅಂತ ಕೇಳಿಸಿಕೊಂಡವನೊಬ್ಬ, ಇಳಿಸುತ್ತಿದ್ದವರು ಬೇರೆ.

ಹೀಗೆ ಆಗದಿರಲು ಒಂದು ಚಿಕ್ಕ ಅಭ್ಯಾಸ ಸಾಕು. ರೇಡಿಯೊ ನೋಡಿಕೊಳ್ಳುವ ಪೈಲಟ್ ರೀಡ್‌ಬ್ಯಾಕ್ ಮಾಡುತ್ತಾರೆ. ಹೊಸ ಎತ್ತರವನ್ನು ಪ್ಯಾನೆಲ್‌ನಲ್ಲಿ ಹಾಕುತ್ತಾರೆ. ಇಬ್ಬರೂ ಅದನ್ನು ಬೆರಳಿಟ್ಟು ತೋರಿಸಿ ಬಾಯಿಬಿಟ್ಟು ಹೇಳುತ್ತಾರೆ. ಇಬ್ಬರಿಗೆ ಬೇರೆ ಬೇರೆ ಕೇಳಿಸಿದ್ದರೆ ಯಾರು ಸೀನಿಯರ್ ಅಂತ ನೋಡಿ ತೀರ್ಮಾನ ಮಾಡಬಾರದು. ಮತ್ತೆ ಟವರನ್ನೇ ಕೇಳಬೇಕು. ಟೆನೆರಿಫ್‌ನ ಆ ಎಂಜಿನಿಯರ್ ಪ್ರಶ್ನೆ ಕೇಳಿದ್ದು ತನ್ನ ಕ್ಯಾಪ್ಟನ್‌ನನ್ನು. ಟವರನ್ನು ಯಾರೂ ಕೇಳಲಿಲ್ಲ.

ರೀಡ್‌ಬ್ಯಾಕ್ ಸರಿ ಇದ್ದೂ ತಲೆ ತಪ್ಪು ದಾರಿ ಹಿಡಿಯಬಹುದು. 2024ರ ಜನವರಿ 2ರಂದು ಟೋಕಿಯೊದ ಹನೇಡಾದಲ್ಲಿ ಕಂಟ್ರೋಲರ್ ಜಪಾನ್ ಕೋಸ್ಟ್ ಗಾರ್ಡ್‌ನ ವಿಮಾನಕ್ಕೆ, ನೀವು ಮೊದಲಿಗರು, ಸಿ5 ಹೋಲ್ಡಿಂಗ್ ಪಾಯಿಂಟ್‌ಗೆ (ರನ್‌ವೇಗೆ ಮುಂಚೆ ಕಾಯುವ ಜಾಗ) ಹೋಗಿ ಅಂದರು. ಅತ್ತಲಿಂದ ರೀಡ್‌ಬ್ಯಾಕ್ ಬಂತು, ಅದೂ ಸರಿಯಾಗಿ. ಆಮೇಲೆ ವಿಮಾನ ಹೋಲ್ಡಿಂಗ್ ಪಾಯಿಂಟ್ ದಾಟಿ ರನ್‌ವೇ ಮೇಲೇ ಹೋಗಿ ನಿಂತಿತು. ಸುಮಾರು 40 ಸೆಕೆಂಡ್ ಅಲ್ಲೇ ಇತ್ತು. ಇಳಿಯುತ್ತಿದ್ದ ಜಪಾನ್ ಏರ್‌ಲೈನ್ಸ್ ವಿಮಾನ ಅದಕ್ಕೆ ಗುದ್ದಿತು. ಕೋಸ್ಟ್ ಗಾರ್ಡ್‌ನ ಆರು ಜನರಲ್ಲಿ ಐವರು ಸತ್ತರು. ದೊಡ್ಡ ವಿಮಾನದ 379 ಜನರೂ ಹೊರಗೆ ಬಂದು ಉಳಿದರು. ಅದಾದ ಮೇಲೆ ಜಪಾನ್‌ನಲ್ಲಿ "ನಂಬರ್ ಒನ್" ಅಂತ ಹೇಳುವುದನ್ನೇ ಕೆಲಕಾಲ ನಿಲ್ಲಿಸಿದರು. ನನಗೆ ಅನ್ನಿಸುವ ಹಾಗೆ ರನ್‌ವೇ ಗೆರೆ ದಾಟುವ ಮುಂಚೆ "ನಮಗೆ ಅನುಮತಿ ಕೊಟ್ಟ ಪದ ಯಾವುದು?" ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ವಿಮೆ. ಲೈನ್ ಅಪ್, ಕ್ರಾಸ್, ಕ್ಲಿಯರ್ಡ್ ಫಾರ್ ಟೇಕಾಫ್ ಥರದ ಪದ ನೆನಪಿಗೆ ಬರದಿದ್ದರೆ ಗೆರೆ ದಾಟಬೇಡಿ.

ಹಂತ 8: ಕಷ್ಟ ಬಂದಾಗ ಕಷ್ಟ ಅಂತಲೇ ಹೇಳಿ

1990ರ ಜನವರಿ 25ರ ರಾತ್ರಿ ಕೊಲಂಬಿಯಾದಿಂದ ನ್ಯೂಯಾರ್ಕ್‌ಗೆ ಬಂದ ಏವಿಯಾಂಕಾ 52 ವಿಮಾನವನ್ನು ಕೆಟ್ಟ ಹವೆಯಿಂದಾಗಿ ಒಂದು ಗಂಟೆಗೂ ಹೆಚ್ಚು ಹೊತ್ತು ಸುತ್ತು ಹಾಕಿಸಿದರು. ಇಂಧನ ಮುಗಿಯುತ್ತಾ ಬಂತು. ಕೋ ಪೈಲಟ್ "ಪ್ರಯಾರಿಟಿ" ಕೇಳಿದ, ಇಂಧನ ಮುಗಿಯುತ್ತಿದೆ ಅಂತಲೂ ಹೇಳಿದ. "ಮೇಡೇ" ಅನ್ನಲಿಲ್ಲ, "ಎಮರ್ಜೆನ್ಸಿ" ಅನ್ನಲಿಲ್ಲ. ಒಮ್ಮೆ ಇಳಿಯಲಾಗದೆ ಮೇಲೆದ್ದ ಮೇಲೆ ಕ್ಯಾಪ್ಟನ್ ಎಮರ್ಜೆನ್ಸಿ ಅಂತ ಹೇಳು ಅಂದರೂ, ಆತ ದಿಕ್ಕಿನ ಸೂಚನೆಯನ್ನು ವಾಪಸ್ ಹೇಳುತ್ತಾ ಅದರ ಬಾಲಕ್ಕೆ ಇಂಧನದ ಮಾತನ್ನು ಸೇರಿಸಿದ. ಕಂಟ್ರೋಲರ್‌ಗಳಿಗೆ ಅದರ ತೀವ್ರತೆ ಹೊಳೆಯಲಿಲ್ಲ. ವಿಮಾನ ಲಾಂಗ್ ಐಲೆಂಡ್‌ನಲ್ಲಿ ಬಿದ್ದು 158 ಜನರಲ್ಲಿ 73 ಜನ ಸತ್ತರು.

ಇವತ್ತು ಇದಕ್ಕೆ ಎರಡು ಮೆಟ್ಟಿಲು ಇವೆ. ಇನ್ನು ತಡವಾದರೆ ಕಡ್ಡಾಯವಾಗಿ ಉಳಿಸಬೇಕಾದ ಇಂಧನಕ್ಕೆ ಕೈ ಹಾಕಬೇಕಾದೀತು ಅನ್ನುವಾಗ "ಮಿನಿಮಮ್ ಫ್ಯೂಯೆಲ್". ಇದು ಕಂಟ್ರೋಲರ್‌ಗೆ ಮುನ್ಸೂಚನೆ ಅಷ್ಟೇ, ಸರದಿಯಲ್ಲಿ ಮುಂದೆ ಬಿಡಿ ಅಂತ ಅಲ್ಲ. ಇಳಿಯುವಾಗ ಆ ಮೀಸಲಿಗಿಂತ ಕಡಿಮೆ ಉಳಿಯುತ್ತದೆ ಅಂತ ಲೆಕ್ಕ ಬಂದರೆ "ಮೇಡೇ ಮೇಡೇ ಮೇಡೇ ಫ್ಯೂಯೆಲ್". ಜೆಟ್ ವಿಮಾನಕ್ಕೆ ಆ ಮೀಸಲು 30 ನಿಮಿಷದ್ದು.

ಜೀವಕ್ಕೆ ಅಪಾಯ ಇದ್ದರೆ "ಮೇಡೇ" ಮೂರು ಸಲ. ತುರ್ತು ಇದೆ ಆದರೆ ಅಷ್ಟು ಅಲ್ಲ ಅಂದರೆ "ಪ್ಯಾನ್ ಪ್ಯಾನ್" ಮೂರು ಸಲ. ಆಮೇಲೆ ಯಾರನ್ನು ಕರೆಯುತ್ತಿದ್ದೀರಿ, ನಿಮ್ಮ ಕಾಲ್‌ಸೈನ್, ಏನಾಗಿದೆ, ಏನು ಮಾಡುತ್ತೀರಿ, ಎಲ್ಲಿದ್ದೀರಿ, ಎಷ್ಟು ಎತ್ತರ, ಯಾವ ದಿಕ್ಕು, ಎಷ್ಟು ಜನ. ಈಗಿರುವ ಫ್ರೀಕ್ವೆನ್ಸಿಯಲ್ಲೇ ಹೇಳಿ. ಉತ್ತರ ಬಾರದಿದ್ದರೆ 121.5. ಟ್ರಾನ್ಸ್‌ಪಾಂಡರ್ 7700.

ಹಂತ 9: ರೇಡಿಯೊ ಪೂರ್ತಿ ಮೌನವಾದರೆ

ಮೊದಲು ನಿಮ್ಮದೇ ಮೈಕ್ ನೋಡಿ. ಬಟನ್ ಸಿಕ್ಕಿಹಾಕಿಕೊಂಡಿದ್ದರೆ ಇಡೀ ಫ್ರೀಕ್ವೆನ್ಸಿ ನಿಮ್ಮಿಂದಲೇ ಕಟ್ಟಿಹೋಗಿರುತ್ತದೆ. ಆಮೇಲೆ ವಾಲ್ಯೂಮ್, ಹೆಡ್‌ಸೆಟ್ ಪ್ಲಗ್, ಹಳೆಯ ಫ್ರೀಕ್ವೆನ್ಸಿ, ಎರಡನೇ ರೇಡಿಯೊ. ಯಾವುದೂ ಆಗದಿದ್ದರೆ ಟ್ರಾನ್ಸ್‌ಪಾಂಡರ್ 7600 ಹಾಕಿ. ನಿಮ್ಮ ಮಾತು ಅವರಿಗೆ ಕೇಳಿಸುತ್ತಿರಬಹುದು, ಆದ್ದರಿಂದ ಏನು ಮಾಡುತ್ತಿದ್ದೀರಿ ಅಂತ ಹೇಳುತ್ತಲೇ ಇರಿ.

ನಿಲ್ದಾಣದ ಹತ್ತಿರ ಬಂದರೆ ಟವರಿನ ದೀಪ ನೋಡಿ. ಹಾರುತ್ತಿರುವಾಗ ನಿಂತ ಹಸಿರು ಕಂಡರೆ ಇಳಿಯಬಹುದು. ಮಿನುಗುವ ಹಸಿರು ಅಂದರೆ ಇಳಿಯಲು ವಾಪಸ್ ಬನ್ನಿ. ನಿಂತ ಕೆಂಪು ಅಂದರೆ ಬೇರೆಯವರಿಗೆ ದಾರಿ ಬಿಟ್ಟು ಸುತ್ತುತ್ತಿರಿ. ಮಿನುಗುವ ಕೆಂಪು ಅಂದರೆ ನಿಲ್ದಾಣ ಸುರಕ್ಷಿತ ಅಲ್ಲ, ಇಳಿಯಬೇಡಿ. ದೀಪ ಕಂಡಿತು ಅಂತ ತಿಳಿಸಲು ಹಗಲಾದರೆ ರೆಕ್ಕೆ ಅಲ್ಲಾಡಿಸಿ. ಕತ್ತಲಾದರೆ ಲ್ಯಾಂಡಿಂಗ್ ಲೈಟ್ ಎರಡು ಸಲ ಹಾಕಿ ಆರಿಸಿ.

ಮನೆಯಲ್ಲಿ ಅಭ್ಯಾಸ ಹೇಗೆ

ಕನ್ನಡಿ ಮುಂದೆ ಮಾತಾಡುವುದರಿಂದ ಅಷ್ಟೇನೂ ಪ್ರಯೋಜನ ಇಲ್ಲ. ಇಬ್ಬರು ಸೇರಿ. ಒಬ್ಬರು ಕಂಟ್ರೋಲರ್, ಇನ್ನೊಬ್ಬರು ಪೈಲಟ್, ಬೆನ್ನಿಗೆ ಬೆನ್ನು ಕೊಟ್ಟು ಕೂರಿ. ಮುಖ ಕಾಣಬಾರದು. ಪಕ್ಕದಲ್ಲಿ ಟಿವಿ ಜೋರಾಗಿರಲಿ. ಕಂಟ್ರೋಲರ್ ಆದವರು ಪ್ರತಿ ಐದಾರು ಸೂಚನೆಗೆ ಒಂದರಂತೆ ಬೇಕಂತಲೇ ಅನಿರೀಕ್ಷಿತ ಅಂಕಿ ಕೊಡಲಿ. ಪೈಲಟ್ ಆದವರು ಬೇಕಂತಲೇ ಕೆಲವು ರೀಡ್‌ಬ್ಯಾಕ್ ತಪ್ಪು ಹೇಳಲಿ. ಯಾರು ಹಿಡಿಯುತ್ತಾರೆ ನೋಡಿ. ಪೂರ್ತಿ ಆಟವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಅವತ್ತೇ ಕೇಳಬೇಡಿ. ಏನು ಹೇಳಿದಿರಿ ಅನ್ನುವುದು ಇನ್ನೂ ನೆನಪಿರುವುದರಿಂದ ಕಿವಿ ತಪ್ಪನ್ನು ತಾನೇ ತಿದ್ದಿಕೊಂಡು ಕೇಳುತ್ತದೆ.

ಕ್ಲಿಯರೆನ್ಸ್ ಬರೆದುಕೊಳ್ಳಲು ನಿಮ್ಮದೇ ಒಂದು ಶಾರ್ಟ್‌ಹ್ಯಾಂಡ್ ಮಾಡಿಕೊಳ್ಳಿ. ಮೇಲಕ್ಕೆ ಬಾಣ ಅಂದರೆ ಏರು, ಕೆಳಕ್ಕೆ ಅಂದರೆ ಇಳಿ, ಅಂಕಿಯ ಮುಂದೆ ಎಚ್ ಅಂದರೆ ಹೆಡಿಂಗ್. ರೀಡ್‌ಬ್ಯಾಕ್ ಮಾಡುವಾಗ ನೆನಪಿನಿಂದ ಹೇಳಬೇಡಿ, ಆ ಕಾಗದ ನೋಡಿ ಹೇಳಿ. ಬರೆಯುವಷ್ಟರಲ್ಲಿ ಕಂಟ್ರೋಲರ್ ಮುಂದೆ ಹೋಗಿಬಿಟ್ಟರೆ ಕಾಗದದಲ್ಲಿ ಆ ಜಾಗ ಖಾಲಿ ಬಿಡಿ, ಊಹಿಸಿ ತುಂಬಬೇಡಿ, ಆ ಖಾಲಿ ಜಾಗದ್ದನ್ನಷ್ಟೇ "ಸೇ ಅಗೇನ್" ಅಂತ ಕೇಳಿ.